ಅಂಗೈಯಗಲದ ಆಸರೆ

ಮನೆಯನ್ನು ಕಟ್ಟಿಸುವವನು ಅಸ್ತಿಭಾರವನ್ನು ಮರೆಯಲಾರನು. ಆದರೆ ಮೋಟಾರು ಕೊಳ್ಳುವವನು ಟೈರನ್ನು ಮರೆಯುವುದು ಸರ್ವಸಾಮಾನ್ಯವಾದ ಸಂಗತಿ. ಎಂಜಿನ್ನಿನ ಬಲವೆಷ್ಟು, ಬಣ್ಣ ಯಾವುದು, ಆಸನದ ಹೊದಿಕೆ ಚರ್ಮದ್ದೋ ಬಟ್ಟೆಯದೋ ಎಂದು ಹತ್ತು ಬಾರಿ ವಿಚಾರಿಸುವವರು, ಗಾಡಿಯ ಭಾರವನ್ನೆಲ್ಲ ಹೊತ್ತು ನೆಲವನ್ನು ಮುಟ್ಟಿಕೊಂಡಿರುವ ಆ ನಾಲ್ಕು ಕಪ್ಪು ಬಳೆಗಳ ವಿಷಯವನ್ನು ಕೇಳುವುದು ಪಂಕ್ಚರಾದ ದಿನವೇ ಸರಿ. ನಮ್ಮ ನಾಡಿನಲ್ಲಿ ಈ ಅಲಕ್ಷ್ಯವು ಹೇಗೋ ನಡೆದುಹೋಗುತ್ತದೆ. ಹಿಮ ಬೀಳುವ ದೇಶಗಳಲ್ಲಿ ಅದು ನಡೆಯುವಂತಿಲ್ಲ.

ಇಂದು ನಮ್ಮವರ ಮಕ್ಕಳು ಅನೇಕರು ಜರ್ಮನಿ, ಸ್ವೀಡನ್, ಕೆನಡಾ ಮೊದಲಾದ ಶೀತದೇಶಗಳಲ್ಲಿ ಸಂಸಾರ ಹೂಡಿಕೊಂಡಿದ್ದಾರೆ. ಇಲ್ಲಿರುವ ತಾಯಿತಂದೆಗಳು ಫೋನಿನಲ್ಲಿ "ಊಟವಾಯಿತೆ? ಚಳಿಗೆ ಬೆಚ್ಚನೆಯ ಬಟ್ಟೆ ಹಾಕಿಕೊಂಡೆಯಾ?" ಎಂದು ತಪ್ಪದೆ ಕೇಳುತ್ತಾರೆ. "ಕಾರಿಗೆ ಚಳಿಗಾಲದ ಟೈರು ಹಾಕಿಸಿದೆಯಾ?" ಎಂದು ಕೇಳಿದವರನ್ನು ನಾನು ಕಂಡಿಲ್ಲ, ನಾನೂ ಕೇಳಿದವನಲ್ಲ. ಆ ಪ್ರಶ್ನೆಯೂ ಮೊದಲಿನವುಗಳಷ್ಟೇ ವಾತ್ಸಲ್ಯದ ಪ್ರಶ್ನೆಯೆಂಬುದನ್ನು ನಾನು ಕಲಿತ ಬಗೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಒಂದು ಬೆಳಗಿನ ಪಾಠ

ನನ್ನ ಮಗನು ಜರ್ಮನಿಯ ಷ್ಟುಟ್‌ಗಾರ್ಟ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಆ ಊರು ಬಟ್ಟಲಿನಂಥ ತಗ್ಗಿನಲ್ಲಿದೆ. ಸುತ್ತಲಿನ ಗುಡ್ಡಗಳ ಇಳಿಜಾರಿನ ಮೇಲೆ ಮನೆಗಳೂ ಬೀದಿಗಳೂ ಹಬ್ಬಿಕೊಂಡಿವೆ. ನಾನು ಅಲ್ಲಿಗೆ ಹೋದ ವರ್ಷದ ಬೇಸಗೆಯಲ್ಲಿ ಅವನು ಎರಡು ಬಾಗಿಲಿನ, ಹಿಂದಿನ ಗಾಲಿಗಳ ಬಲದಿಂದ ಓಡುವ, ವೇಗಕ್ಕೆಂದೇ ರಚಿತವಾದ ಕಾರೊಂದನ್ನು ಕೊಂಡಿದ್ದನು. ಮದ್ಯ, ತಂಬಾಕು, ಇಸ್ಪೀಟು ಯಾವುದರ ಗೊಡವೆಯೂ ಇಲ್ಲದವನಿಗೆ ಇದೊಂದು ಬಯಕೆ. ನಾನು ಆಕ್ಷೇಪಿಸಲಿಲ್ಲ.

ನವೆಂಬರ್ ತಿಂಗಳ ನಡುವೆ ಒಂದು ಬೆಳಗ್ಗೆ ಎದ್ದು ನೋಡುವಾಗ ಬೀದಿಯಲ್ಲಿ ನಾಲ್ಕು ಬೆರಳು ಹಿಮ ಬಿದ್ದಿತ್ತು. ಬೇಸಗೆಯ ಟೈರನ್ನು ತೆಗೆಸಿ ಚಳಿಗಾಲದ್ದನ್ನು ಹಾಕಿಸುವುದು ಇನ್ನೂ ಬಾಕಿಯಿತ್ತು. ಯಾವ ಗಾಲಿಗಳನ್ನು ಕೊಳ್ಳುವುದೆಂಬ ವಿಚಾರವೇ ಅವನಲ್ಲಿ ತೀರ್ಮಾನವಾಗಿರಲಿಲ್ಲ. "ಮೆಲ್ಲಗೆ ಹೋದರಾಯಿತು, ಅಪ್ಪ, ಶಿಶುವಿಹಾರ ಎಷ್ಟು ದೂರ?" ಎಂದನು. ಮೊಮ್ಮಗಳು ಹಿಂದಿನ ಆಸನದಲ್ಲಿ, ನಾನು ಅವನ ಪಕ್ಕದಲ್ಲಿ. ಇಳಿಜಾರು ಮುಗಿಯುವಲ್ಲಿ ಅಡ್ಡರಸ್ತೆ. ಅವನು ಬಹಳ ಮುಂಚಿತವಾಗಿಯೇ ಬ್ರೇಕು ಒತ್ತಿದನು. ಗಾಲಿಗಳು ಬಿಗಿದು ನಿಂತುಹೋಗದಂತೆ ತಡೆಯುವ ಯಂತ್ರವು ಕಾಲಕೆಳಗೆ ಗಡಗಡನೆ ನಡುಗಿತು. ಕಾರು ಮಾತ್ರ ನಿಲ್ಲಲಿಲ್ಲ. ನಡೆಯುವ ಮನುಷ್ಯನ ವೇಗದಲ್ಲಿ, ಯಾರ ಮಾತನ್ನೂ ಕೇಳದೆ, ಬಿಳಿಯ ಗೆರೆಯನ್ನು ದಾಟಿ ಅಡ್ಡರಸ್ತೆಯ ನಡುವಿಗೆ ಜಾರಿಕೊಂಡು ಹೋಯಿತು. ಎಡಗಡೆಯಿಂದ ಬರುತ್ತಿದ್ದ ರೊಟ್ಟಿಯಂಗಡಿಯ ವ್ಯಾನು ನಮ್ಮ ಬಾಗಿಲಿನಿಂದ ಎರಡು ಮಾರು ದೂರದಲ್ಲಿ ನಿಂತಿತು. ಅದೂ ಅದೇ ಹಿಮದ ಮೇಲೆಯೇ ಬಂದಿತ್ತು. ಅದು ನಿಂತಿತು, ನಾವು ನಿಲ್ಲಲಿಲ್ಲ.

ಯಾರಿಗೂ ಏನೂ ಆಗಲಿಲ್ಲ. ಹಿಂದಿನಿಂದ ಮಗು ಚಪ್ಪಾಳೆ ತಟ್ಟಿ, "ಅಜ್ಜಾ, ಕಾರು ಜಾರುಬಂಡೆ ಆಡಿತು!" ಎಂದಿತು. ಮಗನು ಮಾತನಾಡಲಿಲ್ಲ. ಕಾರನ್ನು ಬದಿಗೆ ನಿಲ್ಲಿಸಿ, ಮಗುವನ್ನು ಎತ್ತಿಕೊಂಡು ನಡೆದೇ ಹೋದೆವು. ಅವನ ಕೈ ನಡುಗುತ್ತಿದ್ದುದನ್ನು ನಾನು ಕಂಡೆನು, ಕಂಡೆನೆಂದು ಹೇಳಲಿಲ್ಲ.

ಸಂಜೆ ಮನೆಯಲ್ಲಿ ಚರ್ಚೆಯಾಯಿತು. ಚಳಿಗಾಲದ ಟೈರು ಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ಅವನ ಮನಸ್ಸು ಬೇಸಗೆಯ ಗಾಲಿಗಳಷ್ಟೇ ದೊಡ್ಡದಾದ, ಹೊಳೆಯುವ ರಿಮ್ಮುಗಳ ಮೇಲೆಯೇ ಇತ್ತು. "ಚಳಿಗಾಲ ಬಂತೆಂದು ಇಂಥ ಕಾರಿಗೆ ಸಣ್ಣ ಗಾಲಿ ತೊಡಿಸಿ ವಿಕಾರ ಮಾಡುವುದೆ, ಅಪ್ಪ?" ಎಂದನು. ಸೊಸೆಯು ನನ್ನತ್ತ ತಿರುಗಿ, "ಮಾವ, ನೀವಾದರೂ ಹೇಳಿ" ಎಂದಳು. ನನಗೆ ಕಾರು ನಡೆಸಲು ಬಾರದು. ಆದರೆ ಮೂವತ್ತು ವರ್ಷ ಪಾಠ ಹೇಳಿದವನಿಗೆ ತಿಳಿಯದ ವಿಷಯವನ್ನು ಓದಿ ತಿಳಿಯುವ ಅಭ್ಯಾಸವಿದೆ. ಒಂದು ವಾರದ ಅವಧಿ ಕೇಳಿಕೊಂಡೆನು. ಆ ವಾರದಲ್ಲಿ ಓದಿ, ಬಲ್ಲವರನ್ನು ಕೇಳಿ, ಲೆಕ್ಕ ಹಾಕಿ ತಿಳಿದುದರ ಸಾರ ಮುಂದಿನದು.

ಗಾಲಿಯೂ ನೆಲವೂ

ನಮ್ಮ ಪ್ರಾಚೀನರು ಚಕ್ರದಲ್ಲಿ ನಾಭಿ, ಅರ, ನೇಮಿಗಳೆಂದು ಮೂರು ಅಂಗಗಳನ್ನು ಹೇಳಿದರು. ನಾಭಿಯು ನಡುವಿನ ಗುಂಬ, ಅರಗಳು ಕಡ್ಡಿಗಳು, ನೇಮಿಯು ನೆಲವನ್ನು ಮುಟ್ಟುವ ಅಂಚು. ಎತ್ತಿನ ಗಾಡಿಯ ನೇಮಿಗೆ ಕಮ್ಮಾರನು ಕಾಯಿಸಿ ತೊಡಿಸುವ ಕಬ್ಬಿಣದ ಪಟ್ಟೆಯೇ ರಕ್ಷೆ. ಮೋಟಾರಿನ ನೇಮಿಗೆ ಗಾಳಿ ತುಂಬಿದ ರಬ್ಬರಿನ ರಕ್ಷೆ. ಗಾಳಿಯ ಟೈರಿಗೆ ಮೊದಲು ಹಕ್ಕುಪತ್ರ ಪಡೆದವನು ರಾಬರ್ಟ್ ಥಾಮ್ಸನ್, ೧೮೪೫ರಲ್ಲಿ. ಅದು ಮರೆತುಹೋಗಿ, ೧೮೮೮ರಲ್ಲಿ ಜಾನ್ ಡನ್ಲಪ್ ಎಂಬ ಪಶುವೈದ್ಯನು ಅದನ್ನು ಮತ್ತೆ ಕಂಡುಹಿಡಿದ ಮೇಲೆ ಲೋಕದಲ್ಲಿ ನೆಲೆಗೊಂಡಿತು.

ಈ ಟೈರು ನೆಲವನ್ನು ಮುಟ್ಟುವ ಜಾಗವೆಷ್ಟು? ಲೆಕ್ಕ ಸುಲಭ. ಕಾರಿನ ತೂಕ ೧೫೦೦ ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ನಾಲ್ಕು ಗಾಲಿಗಳಿಗೆ ಸಮನಾಗಿ ಹಂಚಿದರೆ ಒಂದಕ್ಕೆ ೩೭೫ ಕಿಲೋಗ್ರಾಂ. ಟೈರಿನೊಳಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ೨.೪ ಕಿಲೋಗ್ರಾಂ ಆದರೆ, ಆ ಭಾರವನ್ನು ಹೊರಲು ಸುಮಾರು ೧೫೬ ಚದರ ಸೆಂಟಿಮೀಟರು ಜಾಗ ನೆಲಕ್ಕೆ ತಾಗಬೇಕು. ಬೆರಳುಗಳನ್ನು ಸೇರಿಸಿ ಚಾಚಿದ ಅಂಗೈಯಷ್ಟೇ ಅದು. ಗಾಡಿಯನ್ನು ಓಡಿಸುವುದು, ತಿರುಗಿಸುವುದು, ನಿಲ್ಲಿಸುವುದು ಎಲ್ಲವೂ ಈ ನಾಲ್ಕು ಅಂಗೈಗಳ ಕೆಲಸ. ಎಂಜಿನ್ನು ಎಷ್ಟೇ ಬಲಶಾಲಿಯಾಗಿರಲಿ, ಬ್ರೇಕು ಎಷ್ಟೇ ದೊಡ್ಡದಿರಲಿ, ಅಂಗೈಯ ಹಿಡಿತ ತಪ್ಪಿದರೆ ಅವೆರಡೂ ನಿರರ್ಥಕ.

ಹಿಡಿತದ ಬೆಲೆಯನ್ನೂ ಲೆಕ್ಕದಿಂದಲೇ ತಿಳಿಯಬಹುದು. ಗಂಟೆಗೆ ೫೦ ಕಿಲೋಮೀಟರು ವೇಗದಲ್ಲಿ ಹೋಗುವ ಕಾರಿಗೆ ಬ್ರೇಕು ಹಾಕಿದಾಗ, ಒಣರಸ್ತೆಯಲ್ಲಿ ಹಿಡಿತದ ಅಂಕ ೦.೮ ಎಂದಾದರೆ ಅದು ಸುಮಾರು ೧೨ ಮೀಟರಿನಲ್ಲಿ ನಿಲ್ಲುತ್ತದೆ. ಹಿಮದ ಮೇಲೆ ಆ ಅಂಕ ೦.೩ಕ್ಕೆ ಇಳಿದರೆ ೩೩ ಮೀಟರು ಬೇಕು, ೦.೧೫ಕ್ಕೆ ಇಳಿದರೆ ೬೬ ಮೀಟರು. ಎಂದರೆ ಹಿಡಿತ ಅರ್ಧವಾದರೆ ದೂರ ಇಮ್ಮಡಿಯಾಗುತ್ತದೆ. ಇನ್ನೊಂದು ಮಾತನ್ನು ಗಮನಿಸಬೇಕು: ಉತ್ತಮ ಹಿಡಿತದ ಕಾರು ೩೩ ಮೀಟರಿನಲ್ಲಿ ನಿಶ್ಚಲವಾಗಿ ನಿಂತಿರುವ ಆ ಸ್ಥಳದಲ್ಲಿ, ಅರ್ಧ ಹಿಡಿತದ ಕಾರು ಇನ್ನೂ ಗಂಟೆಗೆ ೩೫ ಕಿಲೋಮೀಟರು ವೇಗದಲ್ಲಿ ಮುಂದುವರಿಯುತ್ತಿರುತ್ತದೆ. ಈ ಒಂದು ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಮಗನ ಮುಂದಿಟ್ಟಾಗ, ರೊಟ್ಟಿಯಂಗಡಿಯ ವ್ಯಾನು ನಿಂತದ್ದೇಕೆ ನಾವು ನಿಲ್ಲದ್ದೇಕೆ ಎಂಬುದು ಅವನಿಗೂ ನನಗೂ ಒಟ್ಟಿಗೆ ಹೊಳೆಯಿತು.

ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲ ಹೋಗುವ ಕಾರುಳ್ಳವರು ತಮಗೆ ಈ ಭಯವಿಲ್ಲವೆಂದು ಭಾವಿಸುವುದುಂಟು. ಅದು ಭ್ರಾಂತಿ. ಆ ಏರ್ಪಾಟು ಹಿಮದಲ್ಲಿ ಹೊರಡುವುದಕ್ಕೂ ಏರು ಹತ್ತುವುದಕ್ಕೂ ನೆರವಾದೀತು, ನಿಲ್ಲುವುದಕ್ಕಲ್ಲ. ಬ್ರೇಕು ಎಲ್ಲ ಕಾರುಗಳಲ್ಲಿಯೂ ನಾಲ್ಕು ಗಾಲಿಗಳಿಗೇ ಇರುವುದರಿಂದ ನಿಲ್ಲುವ ವಿಷಯದಲ್ಲಿ ಎಲ್ಲರೂ ಸಮಾನರು. ಅಲ್ಲಿ ಟೈರೇ ಪ್ರಮಾಣ.

ರಬ್ಬರಿನ ಗುಣ

ಚಳಿಗಾಲದ ಟೈರಿಗೂ ಬೇಸಗೆಯ ಟೈರಿಗೂ ಭೇದವೇನು? ಅಡಿಗೆಮನೆಯ ದೃಷ್ಟಾಂತದಿಂದ ಹೇಳುವೆನು. ಮಾಗಿಯ ಬೆಳಗ್ಗೆ ತೆಂಗಿನೆಣ್ಣೆಯ ಸೀಸೆಯನ್ನು ಬಗ್ಗಿಸಿದರೆ ಎಣ್ಣೆ ಬೀಳುವುದಿಲ್ಲ, ಹೆಪ್ಪುಗಟ್ಟಿರುತ್ತದೆ. ಪಕ್ಕದಲ್ಲೇ ಇರುವ ಎಳ್ಳೆಣ್ಣೆ ಎಂದಿನಂತೆ ಹರಿಯುತ್ತದೆ. ಎರಡೂ ಎಣ್ಣೆಯೇ, ಆದರೆ ಶೀತವನ್ನು ಸಹಿಸುವ ಗುಣ ಬೇರೆ. ರಬ್ಬರಿನ ಪಾಕಗಳಲ್ಲಿಯೂ ಹೀಗೆಯೇ. ಬೇಸಗೆಯ ಟೈರಿನ ಪಾಕವು ಬಿಸಿರಸ್ತೆಯ ಮೇಲೆ ಸವೆಯದೆ, ವೇಗದಲ್ಲಿ ಅಳ್ಳಾಡದೆ ಇರುವಂತೆ ಗಟ್ಟಿಯಾಗಿ ಮಾಡಿದ್ದು. ವೇಗದ ಕಾರುಗಳ ಟೈರುಗಳಲ್ಲಿ ಈ ಗುಣ ಮತ್ತಷ್ಟು ಹೆಚ್ಚು. ಚಳಿ ಬಲಿತಂತೆ ಅದು ಬಿರುಸಾಗಿ, ರಸ್ತೆಯ ಸಣ್ಣ ಉಬ್ಬುತಗ್ಗುಗಳನ್ನು ಅಪ್ಪಿಕೊಳ್ಳಲಾರದೆ ಜಾರುತ್ತದೆ. ಚಳಿಗಾಲದ ಟೈರಿನ ಪಾಕದಲ್ಲಿ ಶೀತದಲ್ಲಿಯೂ ಮೆತ್ತಗಿರುವ ಸಹಜ ರಬ್ಬರು, ಸಿಲಿಕಾ ಮೊದಲಾದವುಗಳ ಪ್ರಮಾಣವನ್ನು ಅದಕ್ಕೆ ತಕ್ಕಂತೆ ಕೂಡಿಸಿರುತ್ತಾರೆ. ನಮ್ಮ ಸುಳ್ಯ, ಪುತ್ತೂರುಗಳ ತೋಟಗಳಲ್ಲಿ ನಸುಕಿನಲ್ಲೇ ಮರದ ತೊಗಟೆ ಸೀಳಿ ಇಳಿಸುವ ಬಿಳಿಯ ಹಾಲಿಗೆ, ಹಿಮದೇಶದ ರಸ್ತೆಯಲ್ಲಿ ಇಂಥದೊಂದು ಉಪಯೋಗವಿದೆಯೆಂಬುದು ಆಶ್ಚರ್ಯವಲ್ಲವೆ?

ಉಷ್ಣಮಾನ ೭ ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿಯತೊಡಗಿದರೆ ಚಳಿಗಾಲದ ಟೈರು ಹಾಕಿಸಬೇಕೆಂದು ಅಲ್ಲಿ ವಾಡಿಕೆಯ ಮಾತಿದೆ. ಇದು ಗೆರೆ ಎಳೆದಂಥ ನಿಯಮವಲ್ಲ. ಎಂಟು ಡಿಗ್ರಿಯಲ್ಲಿ ಕ್ಷೇಮ, ಆರು ಡಿಗ್ರಿಯಲ್ಲಿ ಅಪಾಯ ಎಂದು ತಿಳಿಯಬಾರದು. ಕಾಲ ಬಂದಿತೆಂದು ಎಚ್ಚರಿಸುವ ಗಂಟೆ ಅದು.

ಎರಡನೆಯ ಭೇದ ಮೇಲ್ಮೈಯಲ್ಲಿದೆ. ಚಳಿಗಾಲದ ಟೈರಿನ ಪ್ರತಿಯೊಂದು ರಬ್ಬರುತುಂಡಿನ ಮೇಲೂ ಅಲಗಿನಿಂದ ಕೊಯ್ದಂಥ ಸಣ್ಣ ಸೀಳುಗಳು ಸಾಲಾಗಿರುತ್ತವೆ. ಭಾರ ಬಿದ್ದಾಗ ಅವು ಬಾಯ್ದೆರೆದು ಅಂಚುಗಳಿಂದ ಹಿಮವನ್ನು ಕಚ್ಚುತ್ತವೆ. ದೊಡ್ಡ ಗೀರುಗಳಲ್ಲಿ ಹಿಮ ತುಂಬಿಕೊಳ್ಳುತ್ತದೆ; ಹಾಗೆ ತುಂಬುವುದು ದೋಷವಲ್ಲ, ಗುಣ. ಮಕ್ಕಳು ಹಿಮದ ಉಂಡೆ ಕಟ್ಟುವಾಗ ಹಿಮಕ್ಕೆ ಹಿಮ ಅಂಟುವಂತೆ, ಗೀರಿನ ಹಿಮವು ರಸ್ತೆಯ ಹಿಮವನ್ನು ಹಿಡಿದುಕೊಳ್ಳುತ್ತದೆ. ಆದಕಾರಣ ಗೀರು ಸವೆದ ಚಳಿಗಾಲದ ಟೈರು ಹೆಸರಿಗೆ ಮಾತ್ರ ಚಳಿಗಾಲದ್ದು. ಜರ್ಮನಿಯ ಕಾನೂನು ಎಲ್ಲ ಟೈರುಗಳಿಗೂ ೧.೬ ಮಿಲಿಮೀಟರು ಆಳ ಸಾಕೆನ್ನುತ್ತದೆ. ಆದರೆ ಚಳಿಗಾಲಕ್ಕೆ ೪ ಮಿಲಿಮೀಟರಿಗಿಂತ ಕಡಿಮೆಯಾದರೆ ಬದಲಿಸಬೇಕೆಂಬುದು ಬಲ್ಲವರ ಮತ. ನೆರೆಯ ಆಸ್ಟ್ರಿಯದಲ್ಲಿ ಆ ೪ ಮಿಲಿಮೀಟರೇ ಕಾನೂನು.

ಹಿಮದೇಶಗಳೆಲ್ಲ ಒಂದೇ ಅಲ್ಲ

ಚಳಿಗಾಲಕ್ಕೆಂದೇ ಟೈರು ಮಾಡಿದ ಕೀರ್ತಿ ಫಿನ್‌ಲೆಂಡಿನದು. ಅಲ್ಲಿನ ನೋಕಿಯ ಎಂಬ ಊರಿನ ರಬ್ಬರು ಕಾರ್ಖಾನೆಯವರು ೧೯೩೪ರಲ್ಲಿ ಲಾರಿಗಳಿಗಾಗಿ ಹಿಮದ ಟೈರನ್ನೂ, ೧೯೩೬ರಲ್ಲಿ ಕಾರುಗಳಿಗಾಗಿ 'ಹಕ್ಕಪೆಲೀಟ' ಎಂಬುದನ್ನೂ ತಂದರು. ಈ ಹೆಸರು ಇಂದಿಗೂ ನಡೆದುಬಂದಿದೆ.

ಇಂದು ಚಳಿಗಾಲದ ಟೈರುಗಳಲ್ಲಿ ಸ್ಥೂಲವಾಗಿ ಮೂರು ಜಾತಿ. ಮೊದಲನೆಯದು ಮೊಳೆಯ ಟೈರು; ಲೋಹದ ಸಣ್ಣ ಮೊಳೆಗಳಿಂದ ಮಂಜುಗಡ್ಡೆಯನ್ನು ಗೀರಿ ಹಿಡಿಯುವಂಥದು. ಫಿನ್‌ಲೆಂಡ್, ಸ್ವೀಡನ್, ನಾರ್ವೆಗಳಲ್ಲಿ ಇದಕ್ಕೆ ಋತುವಿನಲ್ಲಿ ಅನುಮತಿಯಿದೆ. ಜರ್ಮನಿಯಲ್ಲಿ ಗಡಿಯ ಸಣ್ಣದೊಂದು ಪ್ರದೇಶವನ್ನು ಬಿಟ್ಟರೆ ನಿಷಿದ್ಧ. ಎರಡನೆಯದು ಮೊಳೆಯಿಲ್ಲದ ಉತ್ತರದೇಶದ ಟೈರು. ಅತಿ ಮೆತ್ತನೆಯ ಪಾಕ, ತಿಂಗಳುಗಟ್ಟಲೆ ಕರಗದ ಹಿಮಕ್ಕೂ ಮಂಜುಗಡ್ಡೆಗೂ ತಕ್ಕುದು. ಮೂರನೆಯದು ಮಧ್ಯ ಯೂರೋಪಿನ ಟೈರು. ಒಂದು ದಿನ ಹಿಮ, ನಾಲ್ಕು ದಿನ ಮಳೆ, ಎರಡು ದಿನ ಒಣಚಳಿ, ನಡುವೆ ಹೆದ್ದಾರಿಯ ವೇಗ, ಇವೆಲ್ಲವನ್ನೂ ಸರಿದೂಗಿಸುವಂಥದು.

ಷ್ಟುಟ್‌ಗಾರ್ಟಿನ ಕಾರಿಗೆ, ಅದರಲ್ಲಿಯೂ ಹೆದ್ದಾರಿಯಲ್ಲಿ ಓಡುವ ವೇಗದ ಕಾರಿಗೆ, ಮೂರನೆಯದೇ ಯೋಗ್ಯ. ಉತ್ತರದೇಶದ ಟೈರು ಮಂಜುಗಡ್ಡೆಯ ಮೇಲೆ ಇನ್ನೂ ಚೆನ್ನಾಗಿ ಹಿಡಿದೀತು. ಆದರೆ ಅಲ್ಲಿನ ಮಳೆರಸ್ತೆಯಲ್ಲಿ, ಹೆಚ್ಚಿನ ವೇಗದಲ್ಲಿ, ಅದರ ಮೆತುವೇ ಅದರ ಶತ್ರುವಾಗುತ್ತದೆ. ಇದೇ ಮಗನು ಸ್ವೀಡನ್ನಿನ ಉತ್ತರಭಾಗದಲ್ಲಿ ಇದ್ದಿದ್ದರೆ ನನ್ನ ಸಲಹೆ ಬೇರೆಯಾಗುತ್ತಿತ್ತು. ವರ್ಷವಿಡೀ ಒಂದೇ ಟೈರಿನಲ್ಲಿ ಕಳೆಯುವ 'ಸರ್ವಋತು' ಟೈರೂ ಉಂಟು. ಊರೊಳಗೆ ಮೆಲ್ಲಗೆ ಓಡುವ ಸಣ್ಣ ಕಾರಿಗೆ ಅದು ಸಾಕಾದೀತು. ಬಲವಾದ ಎಂಜಿನ್ನಿನ ಕಾರಿಗೆ ಅದು ಬೇಸಗೆಯಲ್ಲಿಯೂ ಅರೆಕೊರೆ, ಚಳಿಯಲ್ಲಿಯೂ ಅರೆಕೊರೆ.

ಅಗಲ ಹೆಚ್ಚೋ, ಎತ್ತರ ಹೆಚ್ಚೋ

ಇನ್ನು ನಮ್ಮ ಮನೆಯ ವಿವಾದದ ಮುಖ್ಯ ಪ್ರಶ್ನೆಗೆ ಬರೋಣ. ವೇಗದ ಕಾರುಗಳಿಗೆ ದೊಡ್ಡ ರಿಮ್ಮು, ಅಗಲವಾದ ಟೈರು, ಗಿಡ್ಡ ಪಕ್ಕೆ ಇರುವುದು ರೂಢಿ. ಬೇಸಗೆಯ ಒಣರಸ್ತೆಯಲ್ಲಿ ಇದರಿಂದ ತಿರುವಿನಲ್ಲಿ ಹಿಡಿತವೂ ಸ್ಟಿಯರಿಂಗಿನ ಚುರುಕೂ ಹೆಚ್ಚುವುದು ನಿಜ. ಹಿಮದಲ್ಲಿಯೂ ಅಗಲವಾದಷ್ಟೂ ಮೇಲೆಂದು ಜನ ಊಹಿಸುತ್ತಾರೆ. ಅಲ್ಲಿಯೇ ಎಡವುವುದು.

ಮೇಲೆ ಹೇಳಿದ ಲೆಕ್ಕವನ್ನು ಮತ್ತೊಮ್ಮೆ ನೋಡಿ. ನೆಲಕ್ಕೆ ತಾಗುವ ಜಾಗವನ್ನು ಮುಖ್ಯವಾಗಿ ನಿರ್ಣಯಿಸುವುದು ಭಾರ ಮತ್ತು ಗಾಳಿಯ ಒತ್ತಡ, ಟೈರಿನ ಅಗಲವಲ್ಲ. ಅಗಲವಾದ ಟೈರಿನ ಅಂಗೈ ಅಡ್ಡಕ್ಕೆ ಹೆಚ್ಚು, ಉದ್ದಕ್ಕೆ ಕಡಿಮೆ. ಕಿರಿದಾದ ಟೈರಿನದು ಅಡ್ಡಕ್ಕೆ ಕಡಿಮೆ, ಉದ್ದಕ್ಕೆ ಹೆಚ್ಚು. ನೀರಿನಲ್ಲಿ ಹೋಗುವಾಗ ಹಲಗೆಗೂ ದೋಣಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ. ಅರೆಗರಗಿದ ಹಿಮದ ಕೆಸರಿನಲ್ಲಿ ಅಗಲವಾದ ಟೈರು ಕೆಸರನ್ನು ಮುಂದೆ ದೂಡುತ್ತ ಅದರ ಮೇಲೆ ತೇಲುತ್ತದೆ. ಕಿರಿದಾದುದು ಸೀಳಿಕೊಂಡು ಕೆಳಗಿನ ರಸ್ತೆಯನ್ನು ಮುಟ್ಟುತ್ತದೆ.

ಸಣ್ಣ ರಿಮ್ಮಿನಿಂದ ಇನ್ನೂ ಮೂರು ಲಾಭಗಳಿವೆ. ಪಕ್ಕೆ ಎತ್ತರವಾಗುವುದರಿಂದ ಹಿಮದಡಿಯಲ್ಲಿ ಕಾಣದ ಗುಂಡಿಗೋ ಕಾಲುದಾರಿಯ ಕಲ್ಲಿಗೋ ತಾಗಿದಾಗ ರಬ್ಬರು ಪೆಟ್ಟನ್ನು ತಾಳುತ್ತದೆ, ರಿಮ್ಮು ಉಳಿಯುತ್ತದೆ. ಬೆಟ್ಟದ ದಾರಿಗಳಲ್ಲಿ ಸರಪಳಿ ತೊಡಿಸಲೇಬೇಕೆಂಬ ಫಲಕವಿರುವೆಡೆ ಸರಪಳಿಗೆ ಜಾಗ ಬೇಕು. ಅಗಲವಾದ ಟೈರಿರುವ ಅನೇಕ ವೇಗದ ಕಾರುಗಳಲ್ಲಿ ಅದಕ್ಕೆ ಎಡೆಯೇ ಇಲ್ಲ. ಕೊನೆಯದಾಗಿ, ಸಣ್ಣ ಅಳತೆಯ ಟೈರಿಗೆ ಬೆಲೆ ಕಡಿಮೆ. ರಿಮ್ಮಿನಲ್ಲಿ ಉಳಿಸಿದ ಹಣದಿಂದ ಉತ್ತಮ ದರ್ಜೆಯ ರಬ್ಬರನ್ನು ಕೊಳ್ಳಬಹುದು. ಹಣ ಹೋಗಬೇಕಾದದ್ದು ನೆಲವನ್ನು ಮುಟ್ಟುವುದಕ್ಕೆ, ಕಣ್ಣಿಗೆ ಕಾಣುವುದಕ್ಕಲ್ಲ.

ಆದರೆ ಇದಕ್ಕೂ ಒಂದು ಮಿತಿಯುಂಟು. ವೇಗದ ಕಾರಿನ ಬ್ರೇಕಿನ ತಟ್ಟೆಗಳು ದೊಡ್ಡವು. ರಿಮ್ಮು ತೀರ ಸಣ್ಣದಾದರೆ ಅವುಗಳ ಮೇಲೆ ಕೂಡುವುದೇ ಇಲ್ಲ. ಬೆಳಗ್ಗೆ ಒಣರಸ್ತೆಯಲ್ಲಿ ವೇಗವಾಗಿ ಹೋಗುವಾಗ ಅತಿ ಎತ್ತರದ ಪಕ್ಕೆ ತಿರುವಿನಲ್ಲಿ ಬಾಗಿ, ಸ್ಟಿಯರಿಂಗಿನ ಮಾತನ್ನು ತಡವಾಗಿ ಕೇಳುತ್ತದೆ. ಆದುದರಿಂದ ಸೂತ್ರವನ್ನು ಹೀಗೆ ಹೇಳಬಹುದು: ಬ್ರೇಕಿನ ಮೇಲೆ ಕೂಡುವ, ಕಾರಿನ ಕಾಗದಪತ್ರಗಳಲ್ಲಿ ಅನುಮತಿಯಿರುವ ಅಳತೆಗಳಲ್ಲಿ ಸಣ್ಣದನ್ನು ಆರಿಸು.

ಅಂಕಾಕ್ಷರಗಳ ಅರ್ಥ

ಟೈರಿನ ಪಕ್ಕೆಯ ಮೇಲಿನ ಬರಹವನ್ನು ಓದಲು ಕಲಿತರೆ ಅಂಗಡಿಯವನ ಮಾತನ್ನು ಕುರುಡಾಗಿ ನಂಬಬೇಕಾಗಿಲ್ಲ. ಮಗನ ಕಾರಿನ ಬೇಸಗೆಯ ಟೈರುಗಳು ಮುಂದೆ ೨೨೫/೪೦ ಆರ್ ೧೮, ಹಿಂದೆ ೨೪೫/೩೫ ಆರ್ ೧೮. ಮೊದಲ ಸಂಖ್ಯೆ ಮಿಲಿಮೀಟರಿನಲ್ಲಿ ಟೈರಿನ ಅಗಲ. ಎರಡನೆಯದು, ಪಕ್ಕೆಯ ಎತ್ತರ ಆ ಅಗಲದಲ್ಲಿ ನೂರಕ್ಕೆ ಎಷ್ಟು ಪಾಲು ಎಂಬುದು. ಕೊನೆಯದು ಅಂಗುಲದಲ್ಲಿ ರಿಮ್ಮಿನ ವ್ಯಾಸ. ಕಾಗದಪತ್ರದಲ್ಲಿ ಅನುಮತಿಯಿದ್ದ ಇನ್ನೊಂದು ಅಳತೆ ನಾಲ್ಕು ಗಾಲಿಗಳಿಗೂ ೨೨೫/೪೫ ಆರ್ ೧೭. ಹದಿನಾರು ಅಂಗುಲದ್ದು ಅವನ ಕಾರಿನ ಬ್ರೇಕಿನ ಮೇಲೆ ಕೂಡುವಂತಿರಲಿಲ್ಲ.

ಲೆಕ್ಕ ಹಾಕಿದೆವು. ಹದಿನೇಳರ ಟೈರಿನಲ್ಲಿ ೨೨೫ರ ನೂರಕ್ಕೆ ೪೫ ಎಂದರೆ ಪಕ್ಕೆ ಸುಮಾರು ೧೦೧ ಮಿಲಿಮೀಟರು. ಮೇಲೂ ಕೆಳಗೂ ಸೇರಿ ೨೦೨.೫, ಹದಿನೇಳು ಅಂಗುಲವೆಂದರೆ ೪೩೧.೮, ಒಟ್ಟು ೬೩೪ ಮಿಲಿಮೀಟರು. ಹದಿನೆಂಟರ ಮುಂದಿನ ಟೈರಿನ ಒಟ್ಟು ವ್ಯಾಸ ೬೩೭, ಹಿಂದಿನದು ೬೨೯. ಎಂದರೆ ಹೊರಗಿನ ವ್ಯಾಸ ಹೆಚ್ಚುಕಡಿಮೆ ಅಷ್ಟೇ ಉಳಿದು, ಹಿಂದಿನ ಗಾಲಿಯ ಪಕ್ಕೆ ಮಾತ್ರ ೮೬ರಿಂದ ೧೦೧ ಮಿಲಿಮೀಟರಿಗೆ ಏರುತ್ತದೆ, ಅಗಲ ೨೦ ಮಿಲಿಮೀಟರು ಇಳಿಯುತ್ತದೆ. ಹೊರವ್ಯಾಸ ಬದಲಾಗಬಾರದೇಕೆಂದರೆ, ವೇಗಮಾಪಕವೂ ಜಾರಿಕೆಯನ್ನು ತಡೆಯುವ ಯಂತ್ರಗಳೂ ಗಾಲಿಯ ಸುತ್ತುಗಳನ್ನು ಎಣಿಸಿಯೇ ಕೆಲಸ ಮಾಡುತ್ತವೆ. ನಾಲ್ಕೂ ಗಾಲಿ ಒಂದೇ ಅಳತೆಯವಾದರೆ ಇನ್ನೊಂದು ಸೌಕರ್ಯ: ಹಿಂದಿನವು ಬೇಗ ಸವೆದಾಗ ಮುಂದಿನವುಗಳೊಡನೆ ಅದಲುಬದಲು ಮಾಡಬಹುದು.

ಅಳತೆಯ ಮುಂದೆ ಒಂದು ಅಂಕವೂ ಒಂದು ಅಕ್ಷರವೂ ಇರುತ್ತವೆ. ೯೧ ಎಂದರೆ ಒಂದು ಟೈರು ೬೧೫ ಕಿಲೋಗ್ರಾಂ ಹೊರಬಲ್ಲುದು, ೯೪ ಎಂದರೆ ೬೭೦. ಅಕ್ಷರವು ವೇಗದ ಮಿತಿ: 'ಎಚ್' ಗಂಟೆಗೆ ೨೧೦ ಕಿಲೋಮೀಟರು, 'ವಿ' ೨೪೦, 'ಡಬ್ಲ್ಯು' ೨೭೦. ಕಾರಿನ ಪರಮವೇಗಕ್ಕಿಂತ ಕಡಿಮೆ ಮಿತಿಯ ಚಳಿಗಾಲದ ಟೈರನ್ನು ಹಾಕಲು ಜರ್ಮನಿಯಲ್ಲಿ ಅವಕಾಶವಿದೆ. ಆದರೆ ಆ ಮಿತಿಯನ್ನು ಬರೆದ ಚೀಟಿಯನ್ನು ಚಾಲಕನ ಕಣ್ಣಿಗೆ ಬೀಳುವಂತೆ ಅಂಟಿಸಿರಬೇಕು. ನನಗೆ ಈ ನಿಯಮವು ಬಹಳ ಮೆಚ್ಚಿಕೆಯಾಯಿತು. ಮನುಷ್ಯನ ಮಿತಿಯನ್ನು ಅವನ ಕಣ್ಣೆದುರಿಗೇ ಬರೆದಿಡುವ ಪದ್ಧತಿ ಇನ್ನೂ ಅನೇಕ ವಿಷಯಗಳಲ್ಲಿ ಇದ್ದರೆ ಲೋಕಕ್ಕೆ ಹಿತವಾಗುತ್ತಿತ್ತು.

ನಾಲ್ಕಂಕಿಯ ಒಂದು ಸಂಖ್ಯೆಯನ್ನೂ ಹುಡುಕಿ ನೋಡಬೇಕು. ೩೨೨೪ ಎಂದಿದ್ದರೆ ಆ ಟೈರು ೨೦೨೪ನೆಯ ವರ್ಷದ ೩೨ನೆಯ ವಾರದಲ್ಲಿ ತಯಾರಾಯಿತೆಂದು ಅರ್ಥ. ಹೊಸದೆಂದು ಹೇಳಿ ಹಳೆಯ ದಾಸ್ತಾನನ್ನು ಮಾರುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ಎಲ್ಲಕ್ಕಿಂತ ಮುಖ್ಯವಾದುದು ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳಿರುವ ಚಿತ್ರ. ಹಿಮದ ಮೇಲೆ ನಡೆಸಿದ ಪರೀಕ್ಷೆಯಲ್ಲಿ ತೇರ್ಗಡೆಯಾದ ಟೈರಿಗೆ ಮಾತ್ರ ಈ ಮುದ್ರೆ. ಹಿಂದೆ 'ಎಂ ಪ್ಲಸ್ ಎಸ್' ಎಂಬ ಅಕ್ಷರಗಳಿದ್ದರೂ ಸಾಕಾಗುತ್ತಿತ್ತು. ಅದಕ್ಕೆ ಪರೀಕ್ಷೆಯ ಆಧಾರವಿರಲಿಲ್ಲ. ೨೦೨೪ರ ಅಕ್ಟೋಬರ್ ೧ರಿಂದ ಜರ್ಮನಿಯಲ್ಲಿ ಚಳಿಗಾಲದ ರಸ್ತೆಗೆ ಬೆಟ್ಟದ ಮುದ್ರೆಯೇ ಬೇಕು.

ಆ ದೇಶದ ಕಾನೂನು ತಿಂಗಳನ್ನು ಹೇಳುವುದಿಲ್ಲ. ರಸ್ತೆಯ ಮೇಲೆ ಹಿಮ, ಮಂಜುಗಡ್ಡೆ, ಹಿಮದ ಕೆಸರು ಇರುವಾಗ ತಕ್ಕ ಟೈರಿಲ್ಲದೆ ಓಡಿಸಕೂಡದು ಎನ್ನುತ್ತದೆ. ತಪ್ಪಿದರೆ ಕನಿಷ್ಠ ೬೦ ಯೂರೋ ದಂಡ. ಅಪಘಾತವಾದರೆ ವಿಮೆಯ ಹಣದಲ್ಲಿಯೂ ಕಡಿತವಾಗಬಹುದು. ಜನರು ಮಾತ್ರ ಅಕ್ಟೋಬರಿನಿಂದ ಈಸ್ಟರ್ ಹಬ್ಬದವರೆಗೆ ಎಂದು ನೆನಪಿಟ್ಟುಕೊಳ್ಳುತ್ತಾರೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿಯಾದರೋ ಡಿಸೆಂಬರ್ ೧ರಿಂದ ಮಾರ್ಚ್ ೧೫ರವರೆಗೆ ಎಂದು ದಿನಾಂಕವೇ ನಿಗದಿ.

ಕೊಳ್ಳುವವರಿಗೆ ಕೆಲವು ಸೂಚನೆಗಳು

ಟೈರನ್ನು ಮಾತ್ರ ಬದಲಿಸುವುದಕ್ಕಿಂತ ಚಳಿಗಾಲಕ್ಕೆ ಬೇರೆ ರಿಮ್ಮುಗಳ ಜೊತೆಯನ್ನೇ ಇಟ್ಟುಕೊಳ್ಳುವುದು ಮೇಲು. ವರ್ಷಕ್ಕೆ ಎರಡು ಬಾರಿ ರಿಮ್ಮಿನಿಂದ ಟೈರನ್ನು ಕೀಳುವ ಕೂಲಿ ಉಳಿಯುತ್ತದೆ, ಟೈರಿನ ಅಂಚೂ ಕೆಡುವುದಿಲ್ಲ. ಅಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಲೋಹದ ಹೊಳಪಿನ ರಿಮ್ಮುಗಳು ಅದರಿಂದ ಬೇಗ ಕೆಡುತ್ತವೆ. ಆದಕಾರಣ ಪೂರ್ತಿ ಬಣ್ಣ ಬಳಿದ, ಸರಳವಾದ, ತೊಳೆಯಲು ಸುಲಭವಾದ ರಿಮ್ಮು ಒಳ್ಳೆಯದು.

ರಿಮ್ಮಿನ ವ್ಯಾಸ ಸರಿಯಾದ ಮಾತ್ರಕ್ಕೆ ಸಾಲದು. ಬೋಲ್ಟುಗಳ ಸಂಖ್ಯೆ, ಅವುಗಳ ವೃತ್ತದ ಅಳತೆ, ನಡುವಿನ ತೂತು, ರಿಮ್ಮು ಒಳಕ್ಕೆ ಕೂಡುವ ಪ್ರಮಾಣ, ಇಷ್ಟೂ ಕಾರಿಗೆ ಹೊಂದಬೇಕು. ಬೋಲ್ಟಿನ ತಲೆಯ ಕೆಳಭಾಗ ಕೆಲವಕ್ಕೆ ಶಂಕುವಿನಂತೆ, ಕೆಲವಕ್ಕೆ ಗುಂಡಗೆ ಇರುತ್ತದೆ. ಹಳೆಯ ರಿಮ್ಮಿನ ಬೋಲ್ಟು ಹೊಸದಕ್ಕೆ ಹೊಂದುವುದೆಂದು ಊಹಿಸಬಾರದು. ಗಾಲಿ ಬದಲಿಸಿದ ಮೇಲೆ ಸುಮಾರು ೫೦ ಕಿಲೋಮೀಟರು ಓಡಿಸಿ ಬೋಲ್ಟುಗಳ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸತಕ್ಕದ್ದು. ೨೦೧೪ರ ನವೆಂಬರ್ ತರುವಾಯ ಯೂರೋಪಿನಲ್ಲಿ ನೋಂದಾಯಿಸಿದ ಹೊಸ ಕಾರುಗಳಲ್ಲಿ ಗಾಳಿಯ ಒತ್ತಡವನ್ನು ತಿಳಿಸುವ ಏರ್ಪಾಟು ಕಡ್ಡಾಯ. ಗಾಲಿಯೊಳಗೇ ಅದರ ಉಪಕರಣವಿರುವ ಕಾರಾದರೆ ಹೊಸ ಗಾಲಿಗಳಿಗೂ ಅದನ್ನು ಕೂಡಿಸಬೇಕು, ಆ ಖರ್ಚನ್ನು ಮೊದಲೇ ಲೆಕ್ಕದಲ್ಲಿಡಬೇಕು. ಉಷ್ಣಮಾನ ೧೦ ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು ೦.೧ ಬಾರ್ ಇಳಿಯುತ್ತದೆ. ಚಳಿಗಾಲದಲ್ಲಿ ಆಗಾಗ ಗಾಳಿ ನೋಡಿಸುವುದು ಅಗತ್ಯ.

ಹಣ ಉಳಿಸಲು ಎರಡೇ ಚಳಿಗಾಲದ ಟೈರು ಹಾಕಿಸುವವರುಂಟು. ಇದು ಮಹಾ ಅಪಾಯ. ಹಿಂದಿನ ಗಾಲಿ ಮಾತ್ರ ಹಿಡಿದು ಮುಂದಿನವು ಜಾರಿದರೆ ಕಾರು ತಿರುಗುವುದಿಲ್ಲ. ಮುಂದಿನವು ಹಿಡಿದು ಹಿಂದಿನವು ಜಾರಿದರೆ ಬಾಲವೇ ಮುಂದಕ್ಕೆ ಬರುತ್ತದೆ. ನಾಲ್ಕು ಅಂಗೈಗಳೂ ಒಂದೇ ಬಗೆಯವಾಗಿರಬೇಕು.

ತೆಗೆದ ಬೇಸಗೆಯ ಗಾಲಿಗಳಿಗೆ ಯಾವುದು ಎಲ್ಲಿತ್ತೆಂದು ಸೀಮೆಸುಣ್ಣದಿಂದ ಗುರುತು ಹಾಕಿ, ತಂಪಾದ ಕತ್ತಲೆಯ ಒಣ ಜಾಗದಲ್ಲಿಡಬೇಕು. ಮನೆಯಲ್ಲಿ ಸ್ಥಳವಿಲ್ಲದವರಿಗಾಗಿ ಅಲ್ಲಿನ ಕಾರ್ಯಾಗಾರಗಳು ಋತುವಿಡೀ ಗಾಲಿಗಳನ್ನು ಇಟ್ಟುಕೊಂಡು ಬಾಡಿಗೆ ಪಡೆಯುತ್ತವೆ. ಇದಕ್ಕೆ ಜರ್ಮನರು 'ಟೈರುಗಳ ಹೋಟೆಲು' ಎಂದು ಹೆಸರಿಟ್ಟಿದ್ದಾರೆ. ಬೇಸಗೆ ಬಂದೊಡನೆ ಮತ್ತೆ ಬದಲಿಸಲು ಮರೆಯಬಾರದು. ಮೆತ್ತನೆಯ ರಬ್ಬರು ಬಿಸಿರಸ್ತೆಯಲ್ಲಿ ಬೇಗ ಸವೆಯುವುದಲ್ಲದೆ ನಿಲ್ಲುವ ದೂರವನ್ನೂ ಹೆಚ್ಚಿಸುತ್ತದೆ.

ಉಪಸಂಹಾರ

ವಾರ ಕಳೆದ ಮೇಲೆ ಮಗನು ಹದಿನೇಳು ಅಂಗುಲದ, ಬೂದುಬಣ್ಣದ, ಯಾವ ಆಡಂಬರವೂ ಇಲ್ಲದ ನಾಲ್ಕು ಗಾಲಿಗಳನ್ನು ತಂದನು. ಟೈರು ಮಾತ್ರ ಅಂಗಡಿಯಲ್ಲಿದ್ದವುಗಳಲ್ಲಿ ಉತ್ತಮವಾದುದು. ತೊಡಿಸಿದ ಮೇಲೆ ದೂರ ನಿಂತು ನೋಡಿ, "ಪಂಚೆ ಉಟ್ಟು ರಬ್ಬರು ಬೂಟು ಹಾಕಿಕೊಂಡಂತಿದೆ, ಅಪ್ಪ" ಎಂದನು. "ಗದ್ದೆಗೆ ಇಳಿಯುವವನಿಗೆ ಅದೇ ಅಲಂಕಾರ" ಎಂದೆನು. ಅವನು ನಕ್ಕನು.

ಟೈರು ಒಳ್ಳೆಯದೆಂದು ವೇಗವನ್ನು ಹೆಚ್ಚಿಸಿದರೆ ಈ ಪ್ರಯಾಸವೆಲ್ಲ ವ್ಯರ್ಥ. ವೇಗ ಇಮ್ಮಡಿಯಾದರೆ ನಿಲ್ಲುವ ದೂರ ನಾಲ್ಕುಮಡಿಯಾಗುತ್ತದೆ. ಈ ಗಣಿತಕ್ಕೆ ಯಾವ ರಬ್ಬರೂ ವಿನಾಯಿತಿ ಕೊಡಿಸಲಾರದು. ಅವನಿಗೆ ಅದನ್ನು ಹೇಳಬೇಕಾಗಿ ಬರಲಿಲ್ಲ. ಜನವರಿಯಲ್ಲಿ ಮತ್ತೊಂದು ಬೆಳಗ್ಗೆ ಅದೇ ಇಳಿಜಾರು, ಅದಕ್ಕಿಂತ ಹೆಚ್ಚಿನ ಹಿಮ. ಅವನು ಮೆಲ್ಲಗೆ ಇಳಿದು, ಮುಂಚಿತವಾಗಿ ಬ್ರೇಕು ಒತ್ತಿದನು. ಕಾರು ಬಿಳಿಯ ಗೆರೆಗೆ ಒಂದು ಮಾರು ಈಚೆಗೆ ನಿಂತಿತು. ಹಿಂದಿನ ಆಸನದಿಂದ ನಿರಾಶೆಯ ದನಿ: "ಇವತ್ತು ಜಾರುಬಂಡೆ ಇಲ್ಲವಾ, ಅಪ್ಪ?"

ಈಗ ನಾನು ಊರಿಗೆ ಹಿಂತಿರುಗಿದ್ದೇನೆ. ಇಲ್ಲಿ ನವರಾತ್ರಿಯ ಗೊಂಬೆಗಳನ್ನು ಎತ್ತಿಡುವ ಹೊತ್ತಿಗೆ ಅಲ್ಲಿ ಗಾಲಿ ಬದಲಿಸುವ ಕಾಲ ಬಂದಿರುತ್ತದೆ. ಆಗ ಫೋನು ಮಾಡಿ, ಊಟದ ವಿಷಯ ಕೇಳಿ, ಮಗುವಿನ ಕೆಮ್ಮಿನ ವಿಷಯ ಕೇಳಿ, ಮೂರನೆಯ ಪ್ರಶ್ನೆಯನ್ನೂ ತಪ್ಪದೆ ಕೇಳುತ್ತೇನೆ. ಹಿಮದೇಶದಲ್ಲಿ ಮಕ್ಕಳಿರುವ ವಾಚಕರೂ ಕೇಳಬೇಕೆಂದು ನನ್ನ ಪ್ರಾರ್ಥನೆ.